ಮೈಸೂರು ಕುಟುಂಬಸಂಚಾರ ಮೀಮಾಂಸೆ

ಮೂರು ತಲೆಮಾರಿನವರು ಒಂದೇ ವಾಹನದಲ್ಲಿ ಬೆಳಗ್ಗೆ ಹುಮ್ಮಸ್ಸಿನಿಂದ ಹೊರಟು, ಮೈಸೂರಿನಲ್ಲೂ ಅದರ ಸುತ್ತಮುತ್ತಲೂ ನೋಡತಕ್ಕದ್ದನ್ನೆಲ್ಲ ನೋಡಿ, ರಾತ್ರಿ ಒಬ್ಬರೊಡನೊಬ್ಬರು ಮಾತಿಲ್ಲದೆ ಮರಳುವ ಕ್ರಿಯೆಗೆ ಕುಟುಂಬಸಂಚಾರವೆಂದು ಹೆಸರು. ಈ ಲಕ್ಷಣಕ್ಕೆ ಮದುವೆಯ ದಿಬ್ಬಣದಲ್ಲಿ ಅತಿವ್ಯಾಪ್ತಿ ಬರುತ್ತದೆಂದು ಪೂರ್ವಪಕ್ಷದವರು ಆಕ್ಷೇಪಿಸುತ್ತಾರೆ. ಅಲ್ಲಿಯೂ ಮೂರು ತಲೆಮಾರು, ಒಂದು ವಾಹನ, ಹಿಂದಿರುಗುವಾಗ ಮೌನ, ಎಲ್ಲವೂ ಉಂಟಷ್ಟೆ. ಆದ್ದರಿಂದ ‘ತಲುಪಿದ ಕಡೆ ಊಟಕ್ಕೆ ಕರೆಯುವವರು ಯಾರೂ ಇಲ್ಲದ’ ಎಂಬ ವಿಶೇಷಣವನ್ನು ಸೇರಿಸಿಕೊಳ್ಳತಕ್ಕದ್ದು. ಹೊಸದಾಗಿ ಮದುವೆಯಾದವರು ಇಬ್ಬರೇ ಬೃಂದಾವನಕ್ಕೆ ಹೋದರೆ ಅವ್ಯಾಪ್ತಿಯಾಯಿತಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೆ ಉತ್ತರ ಸುಲಭ. ಹುಡುಗಿಯ ತಮ್ಮನನ್ನೋ ಹುಡುಗನ ಅಕ್ಕನ ಮಗುವನ್ನೋ ಜೊತೆಗೆ ಕಳಿಸುವ ಪದ್ಧತಿ ಇಂಥ ದೋಷಗಳ ಪರಿಹಾರಕ್ಕೆಂದೇ ಹುಟ್ಟಿದ್ದು.

ಲಕ್ಷಣವಾದ ಮೇಲೆ ಅಧಿಕಾರಿಯ ವಿಚಾರ. ಸಂಚಾರಕ್ಕೆ ಯಾರು ಅರ್ಹರು? ಮೈಸೂರಿನವರೇ ಎಂದು ಮೇಲ್ನೋಟಕ್ಕೆ ತೋರಿದರೂ ಅದು ಭ್ರಾಂತಿ. ಮೈಸೂರಿಗನಿಗೆ ಈ ಕ್ರಿಯೆಯಲ್ಲಿ ಸ್ವತಂತ್ರ ಅಧಿಕಾರವಿಲ್ಲ. ಮನೆಗೆ ನೆಂಟರು ಬಂದಾಗ ಮಾತ್ರ ಅದು ನೈಮಿತ್ತಿಕವಾಗಿ ಲಭಿಸುತ್ತದೆ. ಆತ ದಿನವೂ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುತ್ತಾನಲ್ಲ ಎಂದರೆ, ಅದು ವಾಕಿಂಗ್. ಅಲ್ಲಿ ಬುತ್ತಿಯಿಲ್ಲ, ಅಳುವ ಮಗುವಿಲ್ಲ, ಟಿಕೆಟಿಗೆ ದುಡ್ಡು ಯಾರು ಕೊಡಬೇಕೆಂಬ ಜಗ್ಗಾಟವಿಲ್ಲ. ನೆಂಟರು ಬಂದ ದಿನವೂ ಮೈಸೂರಿಗ ನೋಡುವುದು ನೆಂಟರನ್ನೇ ಹೊರತು ಸ್ಥಳವನ್ನಲ್ಲ. ‘ನಾನು ಎಷ್ಟೋ ಸಲ ನೋಡಿದ್ದೀನಿ, ನೀವು ನಿಧಾನವಾಗಿ ನೋಡ್ಕೊಂಡು ಬನ್ನಿ’ ಎಂದು ಹೇಳಿ ಆತ ಬ್ಯಾಗುಗಳೊಡನೆ ಹೊರಗಿನ ಕಲ್ಲುಬೆಂಚಿನ ಮೇಲೆ ಕೂರುತ್ತಾನೆ. ವಿಚಾರಿಸಿದರೆ ಆತ ಅರಮನೆಯ ಒಳಗೆ ಹೋದದ್ದು ನಾಲ್ಕನೆಯ ತರಗತಿಯಲ್ಲಿ, ಮೇಷ್ಟರ ಹಿಂದೆ, ಸಾಲಾಗಿ.   ಒಳಗೆ ಹೋಗದಿರುವುದಕ್ಕೆ ಮೈಸೂರಿಗನಿಗೆ ಯಾವ ಕಾರಣವೂ ಬೇಕಿಲ್ಲ.

ಈ ಶಾಸ್ತ್ರದ ಉಗಮ ಒಡೆಯರ ಕಾಲದ್ದು. ಹತ್ತನೆಯ ಚಾಮರಾಜೇಂದ್ರ ಒಡೆಯರು 1880ರಲ್ಲಿ ದಸರಾ ವಸ್ತುಪ್ರದರ್ಶನವನ್ನೂ 1892ರಲ್ಲಿ ಮೃಗಾಲಯವನ್ನೂ ಆರಂಭಿಸಿದರು. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಸಮಯದಲ್ಲಿ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ 41 ಲಕ್ಷಕ್ಕೂ ಮೀರಿದ ವೆಚ್ಚದಲ್ಲಿ ಹೊಸದು 1912ಕ್ಕೆ ಮುಗಿಯಿತು. ಕನ್ನಂಬಾಡಿ ಕಟ್ಟೆಯ ಕೆಳಗೆ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬೃಂದಾವನ ಮಾಡಿಸಿದರು. ಇಷ್ಟನ್ನೆಲ್ಲ ಕಟ್ಟಿದವರು ದೂರದೃಷ್ಟಿಯುಳ್ಳವರೆಂಬುದರಲ್ಲಿ ಸಂಶಯವಿಲ್ಲ. ಆದರೆ ಇವೆಲ್ಲವನ್ನೂ ಒಂದೇ ದಿನದಲ್ಲಿ, ಮಂಡಿನೋವಿನ ಅತ್ತೆಯೊಡನೆ, ಮುಗಿಸಬೇಕಾದೀತೆಂದು ಯಾವ ದಿವಾನರೂ ಊಹಿಸಿದಂತೆ ಕಾಣುವುದಿಲ್ಲ.

ಕಾಲನಿರ್ಣಯದಲ್ಲಿ ರಾಹುಕಾಲ, ಯಮಗಂಡಕಾಲಗಳಿಗಿಂತ ಮಂಗಳವಾರ ಪ್ರಬಲ. ಅಂದು ಮೃಗಾಲಯಕ್ಕೆ ರಜೆ. ಈ ಸಂಗತಿ ಮೈಸೂರಿನ ಹಸುಗೂಸಿಗೂ ತಿಳಿದಿದ್ದರೂ ಮಂಗಳವಾರ ಗೇಟಿನ ಮುಂದೆ ಗುಂಪು ತಪ್ಪಿದ್ದಿಲ್ಲ. ಬಂದವರು ಬೀಗವನ್ನು ನೋಡುತ್ತಾರೆ, ಆಮೇಲೆ ಫಲಕವನ್ನು ನೋಡುತ್ತಾರೆ, ಕೊನೆಗೆ ಕರೆದುಕೊಂಡು ಬಂದ ಮೈಸೂರಿಗನನ್ನು ನೋಡುತ್ತಾರೆ. ಭಾನುವಾರಕ್ಕೆ ಎರಡು ಗುಣಗಳಿವೆ: ಮೃಗಾಲಯ ತೆರೆದಿರುತ್ತದೆ, ಸಂಜೆ ಅರಮನೆಗೆ ದೀಪಾಲಂಕಾರವಿರುತ್ತದೆ. ದೋಷ ಒಂದೇ. ಈ ಗುಣಗಳು ಇಡೀ ಕರ್ನಾಟಕಕ್ಕೆ ಗೊತ್ತು.

ಮುಂದಿನದು ಬುತ್ತಿ ಪ್ರಕರಣ. ಪುಳಿಯೋಗರೆ ಶ್ರೇಷ್ಠ, ಚಿತ್ರಾನ್ನ ಮಧ್ಯಮ, ಮೊಸರನ್ನ ಅನಿವಾರ್ಯ. ಸಂಚಾರದ ದಿನ ಮನೆಯ ಹೆಂಗಸರು ನಾಲ್ಕು ಗಂಟೆಗೆ ಎದ್ದು ಇವನ್ನು ಸಿದ್ಧಪಡಿಸುವುದರಿಂದ ಅರಮನೆಯ ದರ್ಬಾರ್ ಹಾಲಿಗೆ ಬರುವ ಹೊತ್ತಿಗೆ ಅವರಿಗೆ ನಿದ್ದೆ ಹತ್ತಿರುತ್ತದೆ. ಗಂಡಸರು ಇದನ್ನು ‘ಹೆಂಗಸರಿಗೆ ಇತಿಹಾಸದಲ್ಲಿ ಆಸಕ್ತಿಯಿಲ್ಲ’ ಎಂದು ವ್ಯಾಖ್ಯಾನಿಸಿದ್ದಾರೆ. ಈ ವ್ಯಾಖ್ಯಾನ ಪ್ರಮಾಣವಲ್ಲ. ಬುತ್ತಿ ಕಟ್ಟಿದ್ದರೂ ನಜರ್‌ಬಾದಿನ ಮೈಲಾರಿ ದೋಸೆಗೆ ಸಾಲು ನಿಲ್ಲುವುದು, ದಾರಿಯಲ್ಲಿ ಚುರುಮುರಿ ತಿನ್ನುವುದು, ಮಾವಿನಕಾಯಿ ಹೋಳಿಗೆ ಉಪ್ಪು ಖಾರ ಹಚ್ಚಿಸಿಕೊಳ್ಳುವುದು ನಿಷಿದ್ಧವಲ್ಲ. ಹಾಗೆ ಮಾಡಿದ ಮೇಲೆ ‘ಬುತ್ತಿ ಯಾಕೆ ತಂದ್ವಿ’ ಎನ್ನುವುದು ಮಾತ್ರ ನಿಷಿದ್ಧ.

ಸ್ಥಳಗಳಲ್ಲಿ ಮೊದಲನೆಯದು ಮೃಗಾಲಯ, ಏಕೆಂದರೆ ಮಕ್ಕಳು ಹಾಗೆ ತೀರ್ಮಾನಿಸಿರುತ್ತಾರೆ. ಗೇಟಿನಲ್ಲಿ ಪ್ಲಾಸ್ಟಿಕ್ ತಪಾಸಣೆ ನಡೆಯುತ್ತದೆ. ಒಂದು ಕುಟುಂಬ ತನ್ನ ಬ್ಯಾಗಿನಲ್ಲಿ ನಿಜವಾಗಿ ಏನೇನು ಹೊತ್ತು ತಂದಿದೆ ಎಂಬುದು ಅದರ ಯಜಮಾನನಿಗೆ ಮೊದಲ ಬಾರಿ ತಿಳಿಯುವುದು ಇಲ್ಲಿಯೇ. ಒಳಗೆ ಮೂರು ತಲೆಮಾರುಗಳು ಮೂರು ಬೇರೆ ಮೃಗಾಲಯಗಳನ್ನು ನೋಡುತ್ತವೆ. ತಾತ ನೋಡುವುದು ಈಗಿಲ್ಲದ ಪ್ರಾಣಿಗಳನ್ನು. ಡಬ್ಲಿನ್‌ನಿಂದ 1995ರಲ್ಲಿ ಬಂದು 2014ರಲ್ಲಿ ತೀರಿಕೊಂಡ ಪೋಲೊ ಎಂಬ ಗೊರಿಲ್ಲಾ ಎಲ್ಲಿ ಕೂರುತ್ತಿತ್ತು, ಹೇಗೆ ನೋಡುತ್ತಿತ್ತು ಎಂದು ಅವರು ವಿವರಿಸುತ್ತಿರುವಾಗ, ಜರ್ಮನಿಯಿಂದ 2021ರಲ್ಲಿ ಬಂದ ಥಾಬೊ, ಡೆಂಬಾ ಎಂಬ ಜೀವಂತ ಗೊರಿಲ್ಲಾಗಳು ಎದುರಿಗೇ ಉಪೇಕ್ಷಿತವಾಗಿರುತ್ತವೆ. ನಡುವಿನ ತಲೆಮಾರು ನೋಡುವುದು ಫಲಕಗಳನ್ನು. ಅದರಲ್ಲೂ ಶೌಚಾಲಯ ಎಷ್ಟು ದೂರ ಎಂಬ ಫಲಕವನ್ನು. ಮಕ್ಕಳ ವಿಷಯದಲ್ಲಿ ಒಂದು ಚೋದ್ಯವಿದೆ. ಹುಲಿ ನೋಡಬೇಕೆಂದು ಹಟ ಹಿಡಿದು ಬಂದ ಮಗುವಿಗೆ ಹುಲಿ ಮಲಗಿರುವುದು ಕಾಣುತ್ತದೆ. ಮಲಗಿದ ಹುಲಿಗೂ ಮಲಗಿದ ಚಿಕ್ಕಪ್ಪನಿಗೂ ಇರುವ ವ್ಯತ್ಯಾಸವನ್ನು ಮಗು ಗಮನಾರ್ಹವೆಂದು ಎಣಿಸುವುದಿಲ್ಲ. ಅದರ ಪೂರ್ಣ ಭಕ್ತಿ ಸಲ್ಲುವುದು ಕಸದ ಡಬ್ಬಿಯ ಮೇಲೆ ಕೂತು ಕಡಲೆಕಾಯಿ ಬಿಡಿಸುವ ಅಳಿಲಿಗೆ. ಈ ಅಳಿಲು ಮನೆಯ ಕಾಂಪೌಂಡಿನಲ್ಲೂ ಉಂಟಲ್ಲ ಎಂದು ತಂದೆ ಟಿಕೆಟಿನ ದುಡ್ಡನ್ನು ನೆನೆದು ಹೇಳಬಹುದು. ಮನೆಯಲ್ಲಿ ಅಳಿಲನ್ನು ನೋಡಲು ಮಗುವಿಗೆ ಪುರುಸೊತ್ತು ಕೊಟ್ಟವರು ಯಾರು ಎಂಬುದು ಸಿದ್ಧಾಂತಿಗಳ ಉತ್ತರ.

ಅರಮನೆಗೂ ಚಪ್ಪಲಿಗೂ ಇರುವ ಸಂಬಂಧವನ್ನು ಚರಿತ್ರೆಕಾರರು ಉಪೇಕ್ಷಿಸಿರುವುದರಿಂದ ಇಲ್ಲಿ ಸ್ವಲ್ಪ ವಿಸ್ತರಿಸಬೇಕಾಗಿದೆ. ಒಳಗೆ ಬರಿಗಾಲಲ್ಲಿ ಹೋಗತಕ್ಕದ್ದು. ಚಪ್ಪಲಿಗಳನ್ನು ಹೊರಗೆ ಒಪ್ಪಿಸಿ ಟೋಕನ್ ಪಡೆದ ಕ್ಷಣದಿಂದ ಕುಟುಂಬದ ಸಾರ್ವಭೌಮತ್ವ ಟೋಕನ್ ಇಟ್ಟುಕೊಂಡವರಿಗೆ ವರ್ಗವಾಗುತ್ತದೆ. ಗ್ಲಾಸ್ಗೋದಲ್ಲಿ ಎರಕ ಹೊಯ್ದು ತಂದ ಕಂಬಗಳು, ಕಲ್ಯಾಣಮಂಟಪದ ಮೇಲೆ ನವಿಲುಗಳಿರುವ ಬಣ್ಣದ ಗಾಜಿನ ಚಾವಣಿ, ಎಲ್ಲವೂ ಕತ್ತೆತ್ತಿ ನೋಡಬೇಕಾದವು. ಆದರೆ ಹೊಸ ಚಪ್ಪಲಿ ಬಿಟ್ಟುಬಂದ ಚಿಕ್ಕಮ್ಮನ ದೃಷ್ಟಿ ಪರರ ಪಾದಗಳ ಮೇಲೆಯೇ ನೆಟ್ಟಿರುತ್ತದೆ. ಹೀಗಾಗಿ ಚಾವಣಿಯ ಸೌಂದರ್ಯದ ಬಗ್ಗೆ ನಂಬಬಹುದಾದ ಅಭಿಪ್ರಾಯ ಬೇಕಾದರೆ ಹಳೆಯ ಚಪ್ಪಲಿಯವರನ್ನು ಕೇಳತಕ್ಕದ್ದು. ಗೋಡೆಗಳ ಮೇಲಿನ ಜಂಬೂಸವಾರಿ ಚಿತ್ರಗಳ ಮುಂದೆ ಪ್ರತಿ ಕುಟುಂಬವೂ ನಿಲ್ಲುತ್ತದೆ. ಪೇಟ ಧರಿಸಿ ಸಾಲಾಗಿ ನಡೆಯುತ್ತಿರುವವರಲ್ಲಿ ಒಬ್ಬರು ತಮ್ಮ ಅಜ್ಜಿಯ ಸೋದರಮಾವನೇ ಎಂದು ಹಿರಿಯರೊಬ್ಬರು ಬೆರಳು ಮಾಡಿ ತೋರಿಸುತ್ತಾರೆ. ಪಕ್ಕದ ಕುಟುಂಬದ ಹಿರಿಯರು ಅದೇ ವ್ಯಕ್ತಿಯನ್ನು ತಮ್ಮ ಮುತ್ತಾತನೆಂದು ತೋರಿಸುತ್ತಿದ್ದರೂ ಇಂದಿನವರೆಗೆ ವ್ಯಾಜ್ಯ ನಡೆದದ್ದು ಕೇಳಿಬಂದಿಲ್ಲ. ಇತ್ತ ಹೊರಗೆ ಬೆಂಚಿನ ಮೇಲಿರುವ ಮೈಸೂರಿಗನು ಚಿನ್ನದ ಅಂಬಾರಿಯ ತೂಕ 750 ಕೆ.ಜಿ. ಎಂದು ಮಂಡ್ಯದವರೊಬ್ಬರಿಗೆ ಅಧಿಕಾರವಾಣಿಯಿಂದ ಹೇಳುತ್ತಿರುತ್ತಾನೆ. ಒಳಗೆ ಹೋದವರಿಗೆ ಇಷ್ಟು ವಿವರ ತಿಳಿದಿರುವುದಿಲ್ಲ.

ಬೆಟ್ಟವೆಂದರೆ ಚಾಮುಂಡಿಬೆಟ್ಟ; ಮೈಸೂರಿನಲ್ಲಿ ಬೇರೆ ಬೆಟ್ಟವನ್ನು ಹೇಳಬೇಕಾದರೆ ಮಾತ್ರ ಹೆಸರು ಬೇಕು. ಇದನ್ನು ಏರಲು ಎರಡು ಮಾರ್ಗಗಳು. ಸಾವಿರ ಚಿಲ್ಲರೆ ಮೆಟ್ಟಿಲುಗಳದು ಜ್ಞಾನಮಾರ್ಗ, 201ನೇ ನಂಬರಿನ ಬಸ್ಸಿನದು ಸುಲಭಮಾರ್ಗ. ಬಸ್ಸಿನಲ್ಲಿ ಹತ್ತಿ ಮೆಟ್ಟಿಲಲ್ಲಿ ಇಳಿಯುವ ಸಮನ್ವಯ ಪಂಥವೂ ಒಂದುಂಟು. ಇಳಿಯುವುದು ಹತ್ತುವುದಕ್ಕಿಂತ ಹಗುರವೆಂಬ ಅದರ ಮೂಲಪ್ರಮೇಯವನ್ನು ದೊಡ್ಡದೇವರಾಜ ಒಡೆಯರ ಕಾಲದ ನಂದಿಯ ಬಳಿ ಕುಳಿತು ಮಂಡಿ ಒತ್ತಿಕೊಳ್ಳುವವರು ಪ್ರತಿದಿನ ಖಂಡಿಸುತ್ತಿರುತ್ತಾರೆ. ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತುವ ಹರಕೆಯ ಹೆಂಗಸರು ಈ ಚರ್ಚೆಯಲ್ಲಿ ಭಾಗವಹಿಸುವುದಿಲ್ಲ, ಅವರಿಗೆ ಸಮಯವಿಲ್ಲ. ಮೇಲೆ ದೇವಿಯ ದರ್ಶನಕ್ಕೆ ಸಾಲಿನಲ್ಲಿ ಗಂಟೆಗಟ್ಟಲೆ ನಿಂತವರು ಫೋಟೋ ತೆಗೆಸಿಕೊಳ್ಳುವುದು ಮಾತ್ರ ಹೊರಗಿರುವ ಮಹಿಷಾಸುರನ ಜೊತೆ. ಒಂದು ಕೈಯಲ್ಲಿ ಖಡ್ಗ, ಇನ್ನೊಂದರಲ್ಲಿ ಹಾವು ಹಿಡಿದ ಆ ಮೂರ್ತಿ ಎಷ್ಟು ಮನೆಗಳ ಆಲ್ಬಮ್ಮಿನಲ್ಲಿದೆಯೋ ಲೆಕ್ಕವಿಲ್ಲ. ಸೋತವನಿಗೆ ಇಷ್ಟು ಪ್ರಸಿದ್ಧಿ ದೊರೆತ ಉದಾಹರಣೆ ಪುರಾಣಗಳಲ್ಲಿ ವಿರಳ. ಬಾಳೆಹಣ್ಣು ಹಿಡಿದು ಹೊರಬಂದವರು ಅದನ್ನು ಕೋತಿಗೆ ತಾವಾಗಿಯೇ ಕೊಟ್ಟರೆ ದಾನ, ಕಿತ್ತುಕೊಂಡರೆ ನೈವೇದ್ಯ.

ಉಳಿದ ಸ್ಥಳಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಕುಟುಂಬಗಳೂ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸಂತ ಫಿಲೋಮಿನಾ ಚರ್ಚಿನ ಗೋಪುರಗಳ ಮುಂದೆ ಒಂದು ಫೋಟೋ. 1979ರಲ್ಲಿ ಆರಂಭವಾದ ರೈಲ್ವೆ ಮ್ಯೂಸಿಯಮ್ಮಿನಲ್ಲಿ ಮಕ್ಕಳ ರೈಲಿನಲ್ಲಿ ದೊಡ್ಡವರು ಮಂಡಿ ಮಡಿಸಿಕೊಂಡು ಒಂದು ಸುತ್ತು. ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ರವಿವರ್ಮನದೆಂದು ಪ್ರತಿ ಕುಟುಂಬದಲ್ಲೂ ಒಬ್ಬರು ಘೋಷಿಸುತ್ತಾರೆ. ಅದು ಎಸ್.ಎಲ್. ಹಲ್ದಂಕರ್ ಅವರದು ಎಂದು ತಿದ್ದಬಲ್ಲವರು ಕುಟುಂಬದಲ್ಲಿದ್ದರೂ ಅವರು ಸಾಮಾನ್ಯವಾಗಿ ಅಳಿಯಂದಿರಾಗಿದ್ದು, ಸುಮ್ಮನಿರುತ್ತಾರೆ. ರಂಗನತಿಟ್ಟು 1940ರಿಂದ ಪಕ್ಷಿಧಾಮ. ಆದರೂ ದೋಣಿಯಲ್ಲಿ ಕೂತವರು ಹಕ್ಕಿಗಳನ್ನು ಬಿಟ್ಟು ಬಂಡೆಯ ಮೇಲಿನ ಮೊಸಳೆಯನ್ನೇ ನೋಡುತ್ತಾರೆ. ಸಲೀಂ ಅಲಿಯವರ ಒತ್ತಾಯದಿಂದ ಧಾಮವಾದ ಜಾಗದಲ್ಲಿ ಹೀಗಾಗಬಾರದಿತ್ತು. ಬಲಮುರಿಯಲ್ಲಿ ನೀರಿಗಿಳಿಯಬೇಡಿ ಎನ್ನುವವರೂ ನೀರಿನಲ್ಲಿಯೇ ನಿಂತು ಹೇಳುತ್ತಾರೆ.

ಇಷ್ಟರ ನಡುವೆ ಕರ್ತೃ ಯಾರೆಂಬ ಪ್ರಶ್ನೆ ಏಳುತ್ತದೆ. ಯಜಮಾನನೆಂದು ಕೆಲವರು, ಅತ್ತೆಯೆಂದು ಬಹುಮತ. ಎರಡೂ ಸಲ್ಲವು, ಕರ್ತೃ ಟೆಂಪೋ ಟ್ರಾವೆಲರಿನ ಡ್ರೈವರ್. ‘ಇಲ್ಲಿ ಅರ್ಧ ಗಂಟೆ ಸಾಕು ಸಾರ್’ ಎಂಬ ಆತನ ವಾಕ್ಯಕ್ಕೆ ಮೇಲ್ಮನವಿಯಿಲ್ಲ. ಶ್ರೀರಂಗಪಟ್ಟಣದಲ್ಲಿ 1784ರ ದರಿಯಾ ದೌಲತ್, ಗುಂಬಜ್, ರಂಗನಾಥ, ನಿಮಿಷಾಂಬ, ಸಂಗಮ ಐದನ್ನೂ ಅರ್ಧರ್ಧ ಗಂಟೆಯಲ್ಲಿ ಮುಗಿಸುವ ಈ ಕಾಲಪುರುಷನು, ಮಧ್ಯಾಹ್ನ ಒಂದು ರೇಷ್ಮೆ ಸೀರೆಯ ಅಂಗಡಿಯ ಮುಂದೆ ಮಾತ್ರ ಎರಡು ಗಂಟೆ ತಾಳ್ಮೆಯಿಂದ ಕಾಯುತ್ತಾನೆ. ಇದಕ್ಕೆ ನಿಷ್ಕಾಮಕರ್ಮವೇ ಕಾರಣವೆಂದು ಹೇಳಲಾಗದು.

ಸಂಜೆಗೆ ಕೆಆರ್‌ಎಸ್, ಅಂದರೆ ಕನ್ನಂಬಾಡಿ ಕಟ್ಟೆ ಮತ್ತು ಅದರ ಕೆಳಗಿನ ಬೃಂದಾವನ. ಇಲ್ಲಿಗೆ ಕತ್ತಲಾಗುವ ಮುಂಚೆ ತಲುಪಿದ ಕುಟುಂಬಗಳಿಲ್ಲವೆಂದೇ ಹೇಳಬಹುದು. ತೋಟದ ಈ ತುದಿಯಿಂದ ಸಂಗೀತ ಕಾರಂಜಿಯ ಆ ತುದಿಗೆ ನಡೆಯಬೇಕು. ನಡೆದು ಮುಟ್ಟುವಾಗ ಒಂದು ಆಟ ಮುಗಿದು ಜನ ಎದುರಿಗೆ ಬರುತ್ತಿರುತ್ತಾರೆ. ನಡೆಯುವ ದಾರಿಯಲ್ಲಿಯೇ ತಾತ ಉಪನ್ಯಾಸ ಆರಂಭಿಸುತ್ತಾರೆ: ವಿಶ್ವೇಶ್ವರಯ್ಯನವರು, ಸಿಮೆಂಟಿನ ಬದಲು ಸುರ್ಕಿ ಗಾರೆ, ತಂತಾನೇ ತೆರೆದುಕೊಳ್ಳುವ ಬಾಗಿಲುಗಳು, ಕಟ್ಟೆ ತುಂಬಿದಾಗಿನ ನೀರಿನ ಮಟ್ಟ 124.80 ಅಡಿ. ಈ ಕೊನೆಯ ಅಂಕಿ ಬಂದಾಗ ಅದುವರೆಗೆ ಮೌನಿಯಾಗಿದ್ದ ಮೈಸೂರಿಗ ಜಾಗೃತನಾಗಿ ಇವತ್ತು ಎಷ್ಟಿದೆ, ಒಳಹರಿವೆಷ್ಟು, ತಮಿಳುನಾಡಿಗೆ ಬಿಟ್ಟದ್ದೆಷ್ಟು ಎಂದು ಬೆಳಗಿನ ಪತ್ರಿಕೆಯಿಂದ ಒಪ್ಪಿಸುತ್ತಾನೆ. ನೋಡತಕ್ಕ ವಸ್ತುವೊಂದರಲ್ಲಿ ಆತನಿಗೆ ನಿಜವಾದ ಕುತೂಹಲವಿರುವುದು ಇಲ್ಲಿ ಮಾತ್ರ, ಏಕೆಂದರೆ ಇದು ನಾಳೆ ಆತನ ನಲ್ಲಿಗೆ ಬರತಕ್ಕದ್ದು. ಅಜ್ಜಿ ಹಳೆಯ ಸಿನಿಮಾದಲ್ಲಿ ನಾಯಕ ನಾಯಕಿ ಹಾಡುತ್ತ ಓಡಿದ ಮೆಟ್ಟಿಲು ಇದೇ ಎಂದು ಗುರುತಿಸಿ, ಅಷ್ಟು ದೂರ ಅವರು ಚಪ್ಪಲಿಯಿಲ್ಲದೆ ಹೇಗೆ ಓಡಿದರೋ ಎನ್ನುತ್ತಾರೆ. ಮೊಮ್ಮಕ್ಕಳಿಗೆ ಬೇಕಾದ್ದು ಸುಟ್ಟ ಜೋಳ.

ಫಲವಿಚಾರ ಸಂಕ್ಷೇಪವಾದದ್ದು. ನೆಂಟರಿಗೆ ಸುಸ್ತು, ಮಕ್ಕಳಿಗೆ ಬಲೂನು, ಮೈಸೂರಿಗನಿಗೆ ‘ಮುಂದಿನ ಸಲ ತಲಕಾಡು, ಸೋಮನಾಥಪುರ’ ಎಂದು ಹೇಳಿ ಬೀಳ್ಕೊಡುವ ಭಾರ.

ಇನ್ನು ಪ್ರಾಯಶ್ಚಿತ್ತ. ಮಂಗಳವಾರ ಬಂದು ಮೃಗಾಲಯ ತಪ್ಪಿದವರು ಬೆಟ್ಟಕ್ಕೆ ಹೋಗತಕ್ಕದ್ದು. ಅದು ದೇವಿಯ ವಾರವಾದ್ದರಿಂದ ದೋಷವು ಪುಣ್ಯವಾಗಿ ಪರಿಣಮಿಸುತ್ತದೆ, ಕೋತಿಗಳ ಮಟ್ಟಿಗೆ ಪ್ರಾಣಿದರ್ಶನವೂ ಆಗುತ್ತದೆ. ಚಪ್ಪಲಿ ಕಳೆದುಕೊಂಡವರಿಗೆ ಸಯ್ಯಾಜಿರಾವ್ ರಸ್ತೆಯಲ್ಲಿ ಪರಿಹಾರವುಂಟು. ವಾರದ ದಿನ ಬಂದು ಅರಮನೆಯ ಒಂದು ಲಕ್ಷದಷ್ಟು ದೀಪಗಳನ್ನು ಕಾಣದವರು ಗೇಟಿನ ಬಳಿ ಮಾರುವ ಪೋಸ್ಟ್‌ಕಾರ್ಡ್ ಕೊಳ್ಳಬೇಕು. ಅದರಲ್ಲಿ ದೀಪ ಎಂದೂ ಆರುವುದಿಲ್ಲ. ದಸರೆಯ ನೂಕುನುಗ್ಗಲಲ್ಲಿ ಜಂಬೂಸವಾರಿಯ ಆನೆಯ ಬದಲು ಮುಂದಿನವರ ಬೆನ್ನನ್ನು ಮಾತ್ರ ಕಂಡವರಿಗೆ ದೊಡ್ಡಕೆರೆ ಮೈದಾನದ ಎಕ್ಸಿಬಿಷನ್ನಿನಲ್ಲಿ ಒಂದು ದೆಹಲಿ ಹಪ್ಪಳ ವಿಹಿತ. ಎಕ್ಸಿಬಿಷನ್ ಇಲ್ಲದ ಕಾಲದಲ್ಲಿ ಬಂದು, ಮಂಗಳವಾರವೂ ಆಗಿ, ಮಳೆಯೂ ಹಿಡಿದು, ಯಾವುದನ್ನೂ ನೋಡಲಾಗದೆ ಮರಳುವವರು ದೇವರಾಜ ಮಾರುಕಟ್ಟೆಯ ಬಳಿ ಅರ್ಧ ಕಿಲೋ ಮೈಸೂರು ಪಾಕ್ ಕಟ್ಟಿಸಿಕೊಂಡು ಹೋಗಿ ನೆರೆಮನೆಗಳಿಗೆ ಹಂಚಿದರೆ, ಅವರು ಮೈಸೂರನ್ನು ಸಂಪೂರ್ಣವಾಗಿ ನೋಡಿದವರೆಂದೇ ಪರಿಗಣಿಸಲಾಗುತ್ತದೆ.