ಹುಸಿಗೊಂದು ಉದ್ಧರಣೆ

ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ ಐವತ್ತು ದಾಟಿದ ಹೆಂಗಸರು ಒಂದೋ ಯೋಗಕ್ಕೆ ಹೋಗಬೇಕು, ಇಲ್ಲವೇ ಭಜನಾ ಮಂಡಳಿಗೆ. ಯೋಗದಲ್ಲಿ ನನಗೆ ಒಲಿದದ್ದು ಶವಾಸನ ಒಂದೇ, ಅದೂ ಗೊರಕೆಸಹಿತ. ಭಜನಾ ಮಂಡಳಿಯವರು ನನ್ನ ಶ್ರುತಿ ಕೇಳಿ ಮೊದಲು ಹಿಂದಿನ ಸಾಲಿಗೆ ಕಳಿಸಿದರು, ಆಮೇಲೆ ಕೋಸಂಬರಿ ಹಂಚುವ ಕೆಲಸಕ್ಕೆ ಬಡ್ತಿ ಕೊಟ್ಟರು. ಇತ್ತ ರಾತ್ರಿ ನಿದ್ದೆಯಿಲ್ಲ, ಸುಮ್ಮಸುಮ್ಮನೆ ಎದೆ ಡವಡವ. ಡಾಕ್ಟರು ಮಾತ್ರೆಯ ಜೊತೆಗೆ, “ಏನಾದರೂ ಹಚ್ಚಿಕೊಳ್ಳಿ ಅಮ್ಮಾ” ಎಂದರು. ಹಚ್ಚಿಕೊಂಡೆ, ಮೃದಂಗದ ಸೊಲ್ಲುಗಳನ್ನು ಬಾಯಲ್ಲೇ ನುಡಿಸುವ ಕೊನ್ನಕ್ಕೋಲನ್ನು.

ಇದಕ್ಕೆ ಸ್ವರ ಬೇಡ, ಶಾರೀರ ಬೇಡ, ಮೃದಂಗ ಕೊಳ್ಳುವ ಖರ್ಚೂ ಇಲ್ಲ. ಬಾಯಿ ಇದ್ದರೆ ಸಾಕು. ಆ ವಿಷಯದಲ್ಲಿ ನನ್ನ ಅರ್ಹತೆಯನ್ನು ನಮ್ಮನೆಯವರೂ ಪ್ರಶ್ನಿಸಲಿಲ್ಲ.

ಮೇಷ್ಟ್ರು ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಸಹಪಾಠಿಗಳೆಲ್ಲ ಸ್ಕೂಲ್ ಬ್ಯಾಗಿನವರು. ತಾಳ 7, ಜಾತಿ 5, ಗುಣಿಸಿದರೆ 35. ಅದನ್ನು ಐದು ಗತಿಗಳಿಂದ ಗುಣಿಸಿದರೆ 175 ಎಂದು ಮೊದಲ ದಿನವೇ ಹೇಳಿ ಹೆದರಿಸಿದರು. ನಾನು ಆದಿತಾಳಕ್ಕೇ ತೊಡೆ ಕೆಂಪಗೆ ಮಾಡಿಕೊಂಡು ಮನೆಗೆ ಬಂದೆ.

ಆದರೆ ಒಂದು ಮಾತು. ಕೈ ನಾಲ್ಕರಲ್ಲಿ ಸುತ್ತುತ್ತಿರುವಾಗ ಬಾಯಿ ‘ತಕತಕಿಟ’ ಎಂದು ಐದರಲ್ಲಿ ಹೋದರೆ ಎರಡೂ ಮತ್ತೆ ಒಟ್ಟಿಗೆ ಶುರುವಾಗುವುದು 20 ಅಕ್ಷರ ಕಳೆದ ಮೇಲೆ. ಆ 20 ಅಕ್ಷರ ಮುಗಿಯುವ ತನಕ ಕಾವೇರಿ ನೀರಿನ ಬಿಲ್ಲು, ಕೆಳಗಿನ ಮನೆಯವರ ಪಾರ್ಕಿಂಗ್ ಜಗಳ, ಯಾವುದನ್ನೂ ನೆನೆಯುವಂತಿಲ್ಲ. ನೆನೆದಿರೋ, ಕೈಯೂ ಬಾಯೂ ಒಟ್ಟಿಗೇ ಕೆಟ್ಟವು. ಧ್ಯಾನಕ್ಕೆ ಕೂತಾಗ ನನ್ನ ಮನಸ್ಸು ಇಷ್ಟು ಮರ್ಯಾದೆಯಿಂದ ಎಂದೂ ನಡೆದುಕೊಂಡಿರಲಿಲ್ಲ.

ಕಾಲಿಗೂ ಪಾಠವಿತ್ತು. ಅಕ್ಷರಕ್ಕೊಂದು ಹೆಜ್ಜೆ ಇಡುತ್ತ ‘ತಕಧಿಮಿ’ ಎಂದರೆ ‘ತ’ ಯಾವಾಗಲೂ ಒಂದೇ ಕಾಲಿಗೆ ಬೀಳುತ್ತದೆ. ‘ತಕಿಟ’ ಎಂದರೆ ಒಮ್ಮೆ ಬಲಗಾಲಿಗೆ, ಮರುಸಲ ಎಡಗಾಲಿಗೆ. ಹೀಗೆ ವಾಟರ್ ಟ್ಯಾಂಕಿನಿಂದ ಬಿಗ್ ಬಜಾರ್ ಸಿಗ್ನಲ್ಲಿನವರೆಗೆ (ಬಿಗ್ ಬಜಾರ್ ಹೋಯಿತು, ಹೆಸರು ಹೋಗಲಿಲ್ಲ) ತಿಶ್ರದಲ್ಲಿ, ಅಂದರೆ ಮೂರರ ಲೆಕ್ಕದಲ್ಲಿ, ನಡೆದೆ. ‘ತ’ಕ್ಕೆ ತೂಕ ಕೊಟ್ಟಂತೆಲ್ಲ ಸೊಂಟ ಉತ್ಸವದ ಪಲ್ಲಕ್ಕಿಯ ಹಾಗೆ ಎರಡೂ ಕಡೆ ವಾಲುತ್ತಿತ್ತು. ಕಾರ್ವೆ, ಅಂದರೆ ಸೊಲ್ಲುಗಳ ನಡುವಿನ ಬಿಡುವು, ಬೇಕೆಂದರೆ ಹುಡುಕಬೇಕಿಲ್ಲ. ನಮ್ಮ ಫುಟ್‌ಪಾತಿನಲ್ಲಿ ಪ್ರತಿ ಹತ್ತು ಚಪ್ಪಡಿಗೊಂದು ಇರುವುದಿಲ್ಲ. ಹಿಂದಿನಿಂದ ಬಂದ ಗೆಳತಿ ಬಹಳ ಕನಿಕರದಿಂದ, “ಮಂಡಿ ಆಪರೇಷನ್ ಮಾಡಿಸಿಬಿಡಿ ಕಣ್ರೀ, ಮುಂದೂಡಬೇಡಿ” ಎಂದರು.

ಇಷ್ಟಕ್ಕೇ ನಿಲ್ಲಬೇಕಿತ್ತು. ವಿವೇಕಾನಂದ ನಗರದ ಪರಿಚಿತರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಐದನೆಯ ಅಧ್ಯಾಯ ಎಳೆಯುತ್ತಿತ್ತು. ರೇಷ್ಮೆ ಸೀರೆಯುಟ್ಟು ಮೊದಲ ಸಾಲಿನಲ್ಲಿ ಕೂತಿದ್ದ ನನ್ನ ಬಲಗೈ, ನನ್ನನ್ನು ಕೇಳದೆ, ತೊಡೆಯ ಮೇಲೆ ಆದಿತಾಳ ಶುರುಮಾಡಿತ್ತು. ಪೆಟ್ಟು, ಕಿರುಬೆರಳು, ಉಂಗುರ, ಮಧ್ಯ, ಪೆಟ್ಟು, ಹುಸಿ, ಪೆಟ್ಟು, ಹುಸಿ. ಹುಸಿ ಎಂದರೆ ಅಂಗೈಯನ್ನು ಮೇಲಕ್ಕೆ ತಿರುಗಿಸಬೇಕಲ್ಲ? ತಿರುಗಿಸಿದೆ. ಆ ಹೊತ್ತಿಗೆ ಸರಿಯಾಗಿ ಪುರೋಹಿತರು ಕಥೆ ಮುಗಿಸಿ ತೀರ್ಥದ ಬಟ್ಟಲು ಹಿಡಿದು ನನ್ನ ಮುಂದೆ ಬಂದಿದ್ದರು. ಅಂಗೈ ಕಂಡಿತು, ಒಂದು ಉದ್ಧರಣೆ ಬಿಟ್ಟರು. ನನ್ನ ಕೈ ಏಳನೆಯ ಎಣಿಕೆಗೆ ಪೆಟ್ಟು ಹಾಕಿತು. ತೀರ್ಥ ಸೀರೆಗೆ. ಎಂಟಕ್ಕೆ ಮತ್ತೆ ಅಂಗೈ ಮೇಲೆ. ಪಾಪ, ಈ ಅಮ್ಮನಿಗೆ ಸಿಗಲಿಲ್ಲವೇನೋ ಎಂದು ಅವರು ಇನ್ನೊಂದು ಉದ್ಧರಣೆ ಬಿಟ್ಟರು. ಸಮ, ಅಂದರೆ ಮತ್ತೆ ಒಂದನೆಯ ಎಣಿಕೆ, ಬಂತು, ಪೆಟ್ಟು ಬಿತ್ತು, ಅದೂ ಸೀರೆಗೆ. ಪಕ್ಕದಲ್ಲಿ ಕೈಯೊಡ್ಡಿದ್ದವರು ಕಾಯುತ್ತಿದ್ದರು. ಅವರ ಪಕ್ಕದವರೂ.

ನಿಲ್ಲಿಸಬಹುದಿತ್ತಲ್ಲ ಎನ್ನುತ್ತೀರಿ. ಆವರ್ತನದ ನಡುವೆ ಹೇಗೆ ನಿಲ್ಲಿಸುವುದು? ಕಿರುಬೆರಳು ಹೋಯಿತು, ಉಂಗುರ ಹೋಯಿತು. ಪುರೋಹಿತರು ಉದ್ಧರಣೆಯನ್ನು ಗಾಳಿಯಲ್ಲೇ ಹಿಡಿದು ನನ್ನ ಬೆರಳು ನೋಡುತ್ತ ನಿಂತರು. ಅವರ ಹುಬ್ಬು ಮೆಲ್ಲಗೆ ಏರಿತು. ಐದಕ್ಕೆ ತಲೆ ಒಂದಿಷ್ಟು ಆಡಿತು. ಆರಕ್ಕೆ, ಕರಾರುವಾಕ್ಕಾಗಿ ಹುಸಿಯ ಮೇಲೆ, ಮೂರನೆಯ ಉದ್ಧರಣೆ ಬಿತ್ತು. ತೀರ್ಥ ಮೂರು ಸಲ, ಲಯದಲ್ಲಿ ಮುಕ್ತಾಯದ ಸೊಲ್ಲೂ ಮೂರು ಸಲ. ಈ ಹೊಳಹಿಗೆ ನಾನೇ ಪುಳಕಗೊಂಡು ಕೈ ಮರೆತು ಕುಡಿದುಬಿಟ್ಟೆ. “ತಾಳ ಬಿಟ್ಟಿರಲ್ಲ ತಾಯೀ,” ಎಂದರು ಅವರು ಗಂಭೀರವಾಗಿ, “ಸಮಕ್ಕೆ ಬಂದಾಗ ಹೇಳಿ, ಪಂಚಾಮೃತ ಕೊಡ್ತೀನಿ.” ನಮ್ಮನೆಯವರು ಎದ್ದು ಚಪ್ಪಲಿ ಹುಡುಕಲು ಹೋದರು. ಊಟ ಇನ್ನೂ ಬಡಿಸಿರಲಿಲ್ಲ.

ನಮ್ಮ ಕೊನ್ನಕ್ಕೋಲ್ ತರಗತಿಯಲ್ಲಿ ಒಬ್ಬ ಹುಡುಗನಿದ್ದಾನೆ. ತನ್ನ ಹೆಸರು ಹೇಳುವಾಗ ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುತ್ತಾನೆ. ಕುತ್ತಿಗೆಯ ನರ ಉಬ್ಬುತ್ತದೆ, ಕಣ್ಣು ನೆಲ ನೋಡುತ್ತದೆ. ಅದೇ ಹುಡುಗ ಮೂರನೆಯ ಕಾಲದ ವೇಗದಲ್ಲಿ ‘ತಕಿಟತಕಧಿಮಿ’ಯನ್ನು ಒಂದಕ್ಷರ ಎಡವದೆ ಹೇಳುತ್ತಾನೆ. ಉಗ್ಗುವವರಿಗೆ ಹಾಡಿನಲ್ಲಿ, ಲಯದಲ್ಲಿ ಮಾತು ಸಲೀಸಾಗುವುದು ಹೊಸ ಸಂಗತಿಯಲ್ಲ. ಆದರೆ ತಾಳ ನಿಂತೊಡನೆ ಅವನಿಗೆ ಮತ್ತೆ ಅದೇ ತಡೆ. ಒಬ್ಬ ತಂದೆ ಮೊಬೈಲ್ ಹಿಡಿದು, “ನೋಡಿ, ಸಂಗೀತದಿಂದ ವಾಸಿಯಾಯ್ತು ಅಂತ ಹಾಕೋಣ” ಎಂದರು. ಅವರ ಮಗನಲ್ಲ ಅದು. ನನಗೆ ಎಂಥ ಸಿಟ್ಟು ಬಂತೆಂದರೆ, ಅಂದು ಬಿ.ಪಿ. ನೋಡಿಸಿಕೊಳ್ಳದಿದ್ದುದೇ ಒಳ್ಳೆಯದಾಯಿತು. ಅವನು ಯಾರ ಪವಾಡವೂ ಆಗಬೇಕಿಲ್ಲ. ದಿನಕ್ಕೊಂದು ಗಂಟೆ ಅವನ ಬಾಯಿ ಅವನ ಮಾತು ಕೇಳುತ್ತದಲ್ಲ, ಕೇಳಲಿ ಬಿಡಿ.

ಮ್ಯೂನಿಕ್‌ನಲ್ಲಿರುವ ನನ್ನ ತಂಗಿಯ ಮಗಳಿಗೆ ಇದನ್ನೆಲ್ಲ ವರದಿ ಮಾಡಿದರೆ ಅವಳು, “ಅಯ್ಯೋ ದೊಡ್ಡಮ್ಮ, ನಾನೂ ವೀಕೆಂಡಲ್ಲಿ ಅಂಥದ್ದಕ್ಕೇ ಹೋಗ್ತಿದೀನಿ!” ಎಂದಳು. ಆಸ್ಟ್ರಿಯಾದ ರೈನ್‌ಹಾರ್ಡ್ ಫ್ಲಾಟಿಶ್ಲರ್ ಎಂಬವರು 1970ರಲ್ಲಿ ಶುರುಮಾಡಿದ ‘ಟಕೆಟಿನ’ವಂತೆ. ವೃತ್ತವಾಗಿ ನಿಂತು ಕಾಲಲ್ಲಿ ಒಂದು ಲಯ, ಚಪ್ಪಾಳೆಯಲ್ಲಿ ಇನ್ನೊಂದು, ಬಾಯಲ್ಲಿ ಮತ್ತೊಂದು. ನಡುವೆ ದೊಡ್ಡ ಡೋಲು. ತಾಳ ತಪ್ಪಿ ಮತ್ತೆ ಹಿಡಿಯುವುದೇ ಅಲ್ಲಿ ಪಾಠವಂತೆ. ಈ ಕೊನೆಯ ಅಂಶ ನಮ್ಮ ಮೇಷ್ಟ್ರ ಗಮನಕ್ಕೆ ಬಂದಂತಿಲ್ಲ.

“ಫೀಸೆಷ್ಟೇ?” ಎಂದೆ. ಯೂರೋದಲ್ಲಿ ಹೇಳಿದಳು. ಗುಣಿಸಿ ನೋಡಿ ಎದೆ ಮತ್ತೆ ಡವಡವ. ನಮ್ಮ ಬೆಂಗಳೂರಲ್ಲೇ ಟಿ.ಎ.ಎಸ್. ಮಣಿಯವರು 1964ರಲ್ಲೇ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದ್ದರು, ಅವರೂ ಆರ್.ಎ. ರಮಾಮಣಿಯವರೂ ಚಾರ್ಲಿ ಮರಿಯಾನೋ ಎಂಬ ಸ್ಯಾಕ್ಸೊಫೋನಿನವರ ಜೊತೆ ಮಾಡಿದ ‘ಜ್ಯೋತಿ’ ಆಲ್ಬಮ್ 1983ರಲ್ಲಿ ನಿಮ್ಮ ಮ್ಯೂನಿಕ್ಕಿನ ಇಸಿಎಂ ಕಂಪನಿಯಿಂದಲೇ ಬಂತು, ನೀನು ತಕಿಟಕ್ಕೆ ಅಷ್ಟು ದುಡ್ಡು ಸುರಿಯುತ್ತೀಯಲ್ಲ ಎಂದು ಒಂದೇ ಉಸಿರಿನಲ್ಲಿ ಅಂದೆ. ಉಸಿರಿನ ಸಾಧನೆಯೂ ಆಯಿತು.

ಈಗ ಭಾನುವಾರ ಸಂಜೆ ವಿಡಿಯೋ ಕಾಲಿನಲ್ಲಿ ನಾನೇ ಪಾಠ ಹೇಳುತ್ತೇನೆ. ನೆಟ್‌ವರ್ಕ್ ಒಂದೆರಡು ಅಕ್ಷರ ತಿನ್ನುತ್ತದೆ. ನನ್ನ ಸಮ ಅವಳಿಗೆ ತಲುಪಿ, ಅವಳ ಚಪ್ಪಾಳೆ ನನ್ನ ಕಿವಿಗೆ ವಾಪಸಾಗುವಷ್ಟರಲ್ಲಿ ನಾನು ಉಂಗುರ ಬೆರಳಿನಲ್ಲಿರುತ್ತೇನೆ. “ದೊಡ್ಡಮ್ಮ, ನೀವು ಓಡ್ತಿದೀರ” ಎನ್ನುತ್ತಾಳೆ. “ನೀನೇ ಎಳೀತಿದೀಯ” ಎನ್ನುತ್ತೇನೆ. ಡಿಸೆಂಬರಿಗೆ ಊರಿಗೆ ಬರುತ್ತಾಳೆ. ಎದುರುಬದುರು ಕೂತು ತೀರ್ಮಾನವಾಗಲಿ. ಅಲ್ಲಿಯವರೆಗಿನ ಪಾಠದ ಫೀಸನ್ನೂ ಆಗಲೇ ವಸೂಲಿ ಮಾಡುತ್ತೇನೆ, ಯೂರೋದಲ್ಲೇ.