ಒತ್ತಲು ಬಂದರೆ ಸಾಕು, ಓದುವುದ್ಯಾಕೆ?

ನಮ್ಮ ಶಾಲೆಗಳು ಡಿಜಿಟಲ್ ಆಗಿವೆ. ಅನುಮಾನವಿದ್ದವರು ಹೆಡ್‌ಮಾಸ್ತರ ಕೊಠಡಿಗೆ ಹೋಗಿ ನೋಡಬಹುದು. ಆಯುಧಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿರುವ ಮಾನಿಟರು, ಅದಕ್ಕೆ ಹೊದಿಸಿದ ಹೂವಿನ ಬಟ್ಟೆ, ಬಟ್ಟೆಯ ಮೇಲೆ ಹಾಜರಿ ಪುಸ್ತಕ. ಮಕ್ಕಳು ಮುಟ್ಟಿದರೆ ಕೆಟ್ಟೀತೆಂದು ಬಾಗಿಲಿಗೆ ಬೀಗ. ಪಠ್ಯಪುಸ್ತಕದ ಪಾಠಗಳ ನೆತ್ತಿಯ ಮೇಲೆ ಕ್ಯೂಆರ್ ಕೋಡ್ ಕೂತಿದೆ. 2017ರಲ್ಲಿ ಶುರುವಾದ ದೀಕ್ಷಾ ಎಂಬ ಸರ್ಕಾರಿ ಕಲಿಕಾ ಜಾಲತಾಣಕ್ಕೆ ಅದೇ ಹೆಬ್ಬಾಗಿಲು. ಬಾಗಿಲು ತೆಗೆಯಬೇಕಾದ ಫೋನು ಅಪ್ಪನ ಜೇಬಿನಲ್ಲಿದೆ. ರಾತ್ರಿ ಮನೆಗೆ ಬರುವಾಗ ಅದು ಡೇಟಾ ಮುಗಿಸಿಕೊಂಡೇ ಬರುತ್ತದೆ.

ಆದರೂ ಚಿಂತೆ ಬೇಡ. ಗ್ರಾಮೀಣ ಜಿಲ್ಲೆಗಳಲ್ಲಿ ನಡೆದ 2023ರ ಅಸರ್ ಶಿಕ್ಷಣ ಸಮೀಕ್ಷೆಯ ಪ್ರಕಾರ, 14ರಿಂದ 18 ವರ್ಷದವರಲ್ಲಿ ಶೇ 90ರ ಹತ್ತಿರ ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ, ಅದನ್ನು ಬಳಸಲೂ ಅವರಿಗೆ ಬರುತ್ತದೆ. ಅದೇ ವಯಸ್ಸಿನ ಸುಮಾರು ಕಾಲುಭಾಗಕ್ಕೆ ತಮ್ಮದೇ ಭಾಷೆಯ ಎರಡನೇ ತರಗತಿಯ ಪಠ್ಯವನ್ನು ಸರಾಗವಾಗಿ ಓದಲು ಬರುವುದಿಲ್ಲ. ಬಾರದಿದ್ದರೇನಂತೆ? ಫಾರ್ವರ್ಡ್ ಮಾಡಲು ಕಾಗುಣಿತ ಯಾರು ಕೇಳುತ್ತಾರೆ!

ಉಳಿದದ್ದನ್ನು ಕಲಿಸಲು ಮನೆಯ ಹಿರಿಯರಿದ್ದಾರೆ. 2016ರಲ್ಲಿ ಎರಡು ಸಾವಿರದ ನೋಟಿನೊಳಗೆ ನ್ಯಾನೋ ಚಿಪ್ ಕಂಡ ದಿವ್ಯದೃಷ್ಟಿ ಇವರದು. ಇವರ ಜೊತೆಗೆ ಕೆಲವು ಟಿ.ವಿ. ಚಾನೆಲ್‌ಗಳೂ ಕಂಡವು. ನಮ್ಮ ರಾಷ್ಟ್ರಗೀತೆಗೆ ಜಗತ್ತಿನಲ್ಲೇ ಮೊದಲ ಸ್ಥಾನವನ್ನು ಯುನೆಸ್ಕೋಗೇ ಗೊತ್ತಿಲ್ಲದಂತೆ ಅದರಿಂದ ಕೊಡಿಸಿದವರೂ ಇವರೇ. ಇಂಥ ಗುರುಕುಲವಿರುವಾಗ ಬೇರೆ ಪಾಠವೇಕೆ?

ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧಕರು 2017ರಲ್ಲಿ ಒಂದು ಕಿತಾಪತಿ ಮಾಡಿದರು. ಪಿಎಚ್.ಡಿ. ಪಡೆದ ಇತಿಹಾಸಕಾರರು, ಕಾಲೇಜು ವಿದ್ಯಾರ್ಥಿಗಳು, ಸುದ್ದಿಯ ಸತ್ಯ ಪರೀಕ್ಷಿಸುವ ವೃತ್ತಿಯವರು, ಈ ಮೂವರ ಮುಂದೆಯೂ ಜಾಲತಾಣಗಳನ್ನಿಟ್ಟು ಯಾವುದನ್ನು ನಂಬಬಹುದು ಎಂದು ಕೇಳಿದರು. ಮೊದಲೆರಡು ಗುಂಪಿನ ಅನೇಕರು ಪುಟದ ಠಾಕುಠೀಕು, ಲೋಗೋ ನೋಡಿ ಮೋಸಹೋದರು. ಮೂರನೆಯವರು ಆ ಪುಟವನ್ನು ಬೇಗ ಬಿಟ್ಟು, ಪಕ್ಕದಲ್ಲಿ ಹೊಸ ಪುಟ ತೆರೆದು, ಇದನ್ನು ನಡೆಸುವವರು ಯಾರು, ದುಡ್ಡು ಯಾರದು ಎಂದು ವಿಚಾರಿಸಿದರು. ಪಾಸಾದವರು ಅವರೇ. ನಮ್ಮಲ್ಲಿ ಪಕ್ಕಕ್ಕೆ ನೋಡಿದವರನ್ನು ಡಿಬಾರ್ ಮಾಡುತ್ತಾರೆ. ಕೊಟ್ಟ ಗದ್ಯಭಾಗವನ್ನು ಬಿಟ್ಟು ತಲೆ ಎತ್ತದವನಿಗೇ ಇಲ್ಲಿ ಪೂರ್ತಿ ಅಂಕ.

ಪಕ್ಕದ ಕೇರಳದವರಿಗೆ ಈ ಶಿಸ್ತು ಸಾಲದು. ಲಸಿಕೆಯ ಮೇಲಿನ ವಾಟ್ಸ್ಯಾಪ್ ವದಂತಿ ನಂಬಿ ಪೋಷಕರು ಹಿಂಜರಿದದ್ದೇ ನೆಪವಾಗಿ, ಕಣ್ಣೂರು ಜಿಲ್ಲೆಯ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ 2018ರ ಹೊತ್ತಿಗೆ ಸುಳ್ಳುಸುದ್ದಿ ಗುರುತಿಸುವ ಪಾಠ ಶುರುಮಾಡಿಬಿಟ್ಟರು. ಅದೇ ವರ್ಷ ನಮ್ಮ ಬೀದರ್ ಜಿಲ್ಲೆಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗೆಳೆಯರ ಗುಂಪಿನಲ್ಲಿದ್ದ ಹೈದರಾಬಾದಿನ ಯುವಕನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಅಲ್ಲಿಯೂ ಸುದ್ದಿ ಹಬ್ಬಿಸಿದ್ದು ವಾಟ್ಸ್ಯಾಪ್. ಫೋನು ಬಳಸಲು ಎಲ್ಲರಿಗೂ ಬರುತ್ತಿತ್ತು.

ಕಣ್ಣೂರಿನ ಆ ಪಾಠ ನಮ್ಮಲ್ಲಿ ಏಕಿಲ್ಲವೆಂದು ಶಿಕ್ಷಣ ಇಲಾಖೆಯನ್ನು ಬೈಯಬೇಡಿ. ಅದರ ಮುಂದಾಲೋಚನೆ ದೊಡ್ಡದು. "ಇದನ್ನು ಬರೆದವರು ಯಾರು, ಯಾವಾಗ, ಯಾಕೆ" ಎಂದು ಕೇಳಲು ಕಲಿತ ಮಗು ಆ ಪ್ರಶ್ನೆಯನ್ನು ಶಾಲೆಯಲ್ಲೇ ಬಿಟ್ಟು ಬರುವುದಿಲ್ಲ. ಅಪ್ಪನ ಗ್ರೂಪಿಗೂ ಮೇಷ್ಟ್ರ ಸ್ಟೇಟಸ್ಸಿಗೂ ಶಾಸಕರ ಪೋಸ್ಟಿಗೂ ಅದನ್ನೇ ಕೇಳುತ್ತದೆ. ತಿಂಗಳೊಳಗೆ ಪೋಷಕರಿಂದ ಮನವಿಪತ್ರ ಬರುತ್ತದೆ: ಮಕ್ಕಳ ಮಿದುಳಿಗೆ ಹಾನಿಕರವೆಂದು ನಾಸಾ ದೃಢಪಡಿಸಿರುವ ಈ ಪಾಠವನ್ನು ಕೂಡಲೇ ಕೈಬಿಡತಕ್ಕದ್ದು, ಹತ್ತು ಜನರಿಗೆ ಕಳಿಸತಕ್ಕದ್ದು.