ಮಂಜೂರಾದ ಗಾಳಿ

(ತಾಲ್ಲೂಕು ಕಚೇರಿ. ಹೊಸ ಸಾಹೇಬರ ಮುಂದೆ ವಿಪತ್ತು ಯೋಜನೆಯ ಕಡತ.)

ಸಾಹೇಬರು: 1989ರ ಅಪಾಯಕಾರಿ ರಾಸಾಯನಿಕಗಳ ನಿಯಮದಂತೆ ವರ್ಷಕ್ಕೊಮ್ಮೆಯಾದ್ರೂ ಅಣಕು ಕಾರ್ಯಾಚರಣೆ ಆಗಬೇಕಲ್ರೀ. ಆಯ್ತಾ?

ಗುಮಾಸ್ತ: ಆಗಿದೆ ಸಾರ್. ಫೋಟೋನೂ ಇದೆ.

ಸಾಹೇಬರು: ಇದರಲ್ಲಿ ಹಳೇ ತಹಶೀಲ್ದಾರರು ನಿಂತಿದ್ದಾರಲ್ಲ!

ಗುಮಾಸ್ತ: ಅನಿಲ ಅದೇ ಕ್ಲೋರಿನ್ ಸಾರ್. ಹಂಗಾಗಿ ಫೋಟೋನೂ ಅದೇ.

ಸಾಹೇಬರು: ನೀರಿನ ಘಟಕದ ಸಿಲಿಂಡರ್ ಸೋರಿದ್ರೆ ಜನ ಎಲ್ಲಿ ಸೇರಬೇಕು?

ಗುಮಾಸ್ತ: ಕೆರೆ ಕೆಳಗಿನ ಶಾಲೆಯಲ್ಲಿ.

ಸಾಹೇಬರು: ಅದು ತಗ್ಗು ಕಣ್ರೀ! ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ತಗ್ಗಿಗೇ ಇಳಿಯೋದು.

ಗುಮಾಸ್ತ: ಎಲ್ಲರೂ ಒಂದೇ ಕಡೆ ಸಿಕ್ರೆ ಪರಿಹಾರ ಹಂಚೋಕೆ ಅನುಕೂಲ ಸಾರ್.

ಸಾಹೇಬರು: ಗಾಳಿ ದಿಕ್ಕು ನೋಡಿದೀರಾ?

ಗುಮಾಸ್ತ: ಪಶ್ಚಿಮದಿಂದ ಪೂರ್ವಕ್ಕೆ ಅಂತ ಮಂಜೂರಾಗಿದೆ.

(ಮಂಜೂರಾದ ಮೇಲೆ ದಿಕ್ಕು ಬದಲಿಸುವ ಧೈರ್ಯ ಯಾವ ಗಾಳಿಗಿದೆ?)

ಸಾಹೇಬರು: ಸೈರನ್?

ಗುಮಾಸ್ತ: ಕಂಬ ಬಂದಿದೆ.

ಸಾಹೇಬರು: 1984ರಲ್ಲಿ ವಿಷಾನಿಲ ಸೋರಿದಾಗ ಭೋಪಾಲಿನವರಿಗೆ ಮುಖಕ್ಕೆ ಒದ್ದೆ ಬಟ್ಟೆ ಹಿಡೀರಿ ಅಂತ ಹೇಳೋರೂ ಇರಲಿಲ್ಲ. ನಮ್ಮ ಜನಕ್ಕಾದ್ರೂ ತಿಳಿಸಿದೀರಾ?

ಗುಮಾಸ್ತ: ಐದು ಸಾವಿರ ಕರಪತ್ರ ಅಚ್ಚಾಗಿದೆ ಸಾರ್.

ಸಾಹೇಬರು: ಹಂಚಿದ್ರಾ?

ಗುಮಾಸ್ತ: ಓದಿ ಗಾಬರಿಯಾದಾರು ಅಂತ ‘ಗೌಪ್ಯ’ ಮುದ್ರೆ ಹೊಡೆದು ಬೀರುವಿನಲ್ಲಿಟ್ಟಿದೀವಿ.

ಸಾಹೇಬರು: (ಪೆನ್ನು ತೆಗೆದು) ಸಹಿ ಎಲ್ಲಿ?